ಇರೋ ಊರಲ್ಲೇ ದೂರು ಕೊಡಬಹುದು ಅಂತ ನನಗೆ ಗೊತ್ತಿರಲಿಲ್ಲ

ನನ್ನ ತವರು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಗಂಡನ ಮನೆ ಲಿಂಗಸುಗೂರು ಕಡೆ. ಬಳ್ಳಾರಿಗೆ ಬಂದಿದ್ದು 2023ರ ಮೇ ತಿಂಗಳ ಕೊನೆಗೆ. ಇಬ್ಬರು ಮಕ್ಕಳು, ಒಂದು ಟ್ರಂಕು, ಒಂದು ಗ್ಯಾಸ್ ಸಿಲಿಂಡರು, ನನ್ನ ಹೊಲಿಗೆ ಮಷೀನು. ಜೀನ್ಸ್ ಕೆಲಸ ಸಿಗುತ್ತೆ ಬನ್ನಿ ಅಂತ ನಮ್ಮ ಮನೆಯವರ ಗೆಳೆಯರು ಹೇಳಿದ್ದರು. ಸಿಕ್ಕಿತು ಕೂಡ. ನಮ್ಮ ಮನೆಯವರು ವಾಷಿಂಗ್ ಯೂನಿಟ್‌ಗೆ ಸೇರಿದರು, ನಾನು ಎರಡು ಓಣಿ ಆಚೆಗಿನ ಹೊಲಿಗೆ ಯೂನಿಟ್‌ಗೆ ಹೋದೆ. ಪೀಸ್ ಲೆಕ್ಕದ ಕೆಲಸ. ಜೇಬು ಕೂಡಿಸುವುದು ನನ್ನ ಪಾಲಿಗೆ ಬಂತು. ಶನಿವಾರ ಬಟವಾಡೆ.

ಗಂಡನ ಹೊಡೆತ ಊರಿನಲ್ಲೂ ಇತ್ತು. ಅದನ್ನು ಮುಚ್ಚಿಡೋದಿಲ್ಲ. ಆದರೆ ಊರಲ್ಲಿ ಕೂಗಿದರೆ ಪಕ್ಕದ ಮನೆ ದೊಡ್ಡವ್ವ ಕೋಲು ಹಿಡಿದು ಬಂದು ಅಂಗಳದಲ್ಲಿ ನಿಲ್ಲುತ್ತಿದ್ದಳು, ಮಾವನವರು ಒಂದು ಮಾತು ಗದರುತ್ತಿದ್ದರು, ಅಷ್ಟಕ್ಕೆ ಆ ರಾತ್ರಿ ಮುಗಿಯುತ್ತಿತ್ತು. ಇಲ್ಲಿ ಒಂದೇ ವಠಾರದಲ್ಲಿ ಆರು ಮನೆ, ಆರೂ ಬೇರೆ ಬೇರೆ ಕಡೆಯಿಂದ ಬಂದವರು. ಆದೋನಿ ಕಡೆಯವರು ಒಬ್ಬರು, ಸಿರಿಗುಪ್ಪದವರು ಒಬ್ಬರು, ಬಿಹಾರದ ಹುಡುಗರು ಒಂದು ರೂಮಿನಲ್ಲಿ. ನಾನು ಕೂಗಿದರೆ ಪಕ್ಕದ ಮನೆಯ ಟಿವಿ ಜೋರಾಗುತ್ತಿತ್ತು. ಅವರನ್ನು ಬೈಯಲ್ಲ. ನಾವು ಯಾರು ಅಂತ ಅವರಿಗೇನು ಗೊತ್ತು? ಹೆಸರು ಕೂಡ ಗೊತ್ತಿರಲಿಲ್ಲ.

ಬಳ್ಳಾರಿಯಲ್ಲಿ ನನ್ನ ಹೆಸರು ಮೊದಲು ಕೇಳಿದವರು ಅಂಗನವಾಡಿ ಟೀಚರು. ಮಗನಿಗೆ ಆಗ ನಾಲ್ಕು ವರ್ಷ. ಯೂನಿಟ್‌ಗೆ ಕರೆದುಕೊಂಡು ಹೋದರೆ ಕತ್ತರಿ, ಬಟನ್, ಸೂಜಿ ಎಲ್ಲಕ್ಕೂ ಕೈ ಹಾಕುತ್ತಿದ್ದ, ಓನರ್ ಬೇಡ ಅಂದರು. ಒಂದು ದಿನ ಬೆಳಿಗ್ಗೆ ಅವನನ್ನು ಎತ್ತಿಕೊಂಡು ಅಂಗನವಾಡಿ ಬಾಗಿಲಲ್ಲಿ ನಿಂತೆ. ಇಲ್ಲಿಯ ಅಡ್ರೆಸ್ ಇಲ್ಲ, ರೇಷನ್ ಕಾರ್ಡು ಅತ್ತೆ ಹತ್ತಿರ ಇದೆ, ತಾಯಿ ಕಾರ್ಡು ಎಲ್ಲಿ ಹೋಯ್ತೋ ಗೊತ್ತಿಲ್ಲ, ಏನೇನು ಕಾಗದ ಬೇಕು ಅಂತ ಒಂದೇ ಉಸಿರಿಗೆ ಕೇಳಿದೆ. ಟೀಚರು "ಕಾಗದ ಆಮೇಲೆ ನೋಡಾಣ, ಮೊದ್ಲು ಮಗೂನ ಒಳಗ ಬಿಡವ್ವಾ. ನಿನ್ ಹೆಸರೇನು?" ಅಂದರು. ಅಷ್ಟಕ್ಕೇ ನನಗೆ ಕಣ್ಣು ತುಂಬಿ ಬಂತು. ಎರಡು ವಾರ ಆಗಿತ್ತು ನನ್ನನ್ನು ಯಾರೂ ಹೆಸರು ಹಿಡಿದು ಕರೆದು.

ಮಗಳ ಶಾಲೆ ಮಾತ್ರ ಸುಲಭಕ್ಕೆ ಆಗಲಿಲ್ಲ. ಅವಳು ಏಳನೇ ಕ್ಲಾಸು. ಮೊದಲು ಹೋದ ಶಾಲೆಯಲ್ಲಿ ಟಿ.ಸಿ. ಇಲ್ಲದೆ ತಗೊಳ್ಳಲ್ಲ ಅಂದರು. ಟಿ.ಸಿ. ತರೋಕೆ ಊರಿಗೆ ಹೋಗಬೇಕು, ಹೋದರೆ ಎರಡು ದಿನದ ಪೀಸು ಹೋಗುತ್ತೆ. ಹೀಗೇ ಜೂನ್ ಪೂರ್ತಿ ಹೋಯಿತು. ಮಗಳು ಮನೆಯಲ್ಲಿ ಕೂತು ದಾರ ಕತ್ತರಿಸುವ ಕೆಲಸ ಮಾಡಿದಳು. ಹೊಲಿದ ಪ್ಯಾಂಟುಗಳನ್ನು ಗಂಟು ಕಟ್ಟಿ ಮನೆಗೆ ಕೊಡುತ್ತಾರೆ, ಉಳಿದ ದಾರದ ತುದಿ ಕತ್ತರಿಸಿ ವಾಪಸ್ ಕೊಡಬೇಕು. ಒಂದೊಂದು ಪೀಸಿಗೆ ಪುಡಿಗಾಸು. ಹನ್ನೆರಡು ವರ್ಷದ ಹುಡುಗಿ ಕಿಟಕಿ ಬೆಳಕಿಗೆ ಕೂತು ಅದನ್ನು ಮಾಡುತ್ತಿದ್ದರೆ ನನಗೆ ಕಣ್ಣೆತ್ತಿ ನೋಡೋಕೆ ಆಗುತ್ತಿರಲಿಲ್ಲ.

ಇದನ್ನು ಅಂಗನವಾಡಿ ಟೀಚರಿಗೆ ಹೇಳಿದಾಗ ಅವರಿಗೆ ಸಿಟ್ಟು ಬಂತು. ಟಿ.ಸಿ. ತಡವಾಯಿತು ಅನ್ನೋ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ ಅಂದರು. ವಯಸ್ಸಿನ ದಾಖಲೆ ಇಲ್ಲ ಅಂತಲೂ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಲೇಬೇಕು. ಇನ್ನೊಂದು ಸರ್ಕಾರಿ ಶಾಲೆಗೆ ಅವರೇ ನನ್ನ ಜೊತೆ ಬಂದರು. ಅಲ್ಲಿಯ ಹೆಡ್‌ಮಿಸ್ಸು ಮಗಳ ಹಳೆ ಶಾಲೆಯ ಹೆಸರು ಕೇಳಿದರು, ಆಧಾರ್ ನೋಡಿದರು, ಶಾಲೆ ಮಕ್ಕಳ ದಾಖಲೆಯ ಸ್ಯಾಟ್ಸ್ ನಂಬರ್ ಹುಡುಕಿ ಬರೆದುಕೊಂಡರು, ಅದೇ ದಿನ ಕ್ಲಾಸಿಗೆ ಕಳಿಸಿದರು. ಟಿ.ಸಿ. ಆಮೇಲೆ ಬಂತು. ಯಾರಾದರೂ ಬೇರೆ ಊರಿಂದ ಬಂದು ಟಿ.ಸಿ. ಕಾಯುತ್ತಾ ಮಗುವನ್ನು ಮನೆಯಲ್ಲಿ ಇಟ್ಟುಕೊಂಡಿದ್ದರೆ ದಯವಿಟ್ಟು ನಾಳೆನೇ ಹೋಗಿ. ಎಂಟನೇ ಕ್ಲಾಸಿನವರೆಗೆ ಈ ಹಕ್ಕು ಇದೆ.

ಈಗ ನವೆಂಬರಿನ ಆ ಶನಿವಾರಕ್ಕೆ ಬರುತ್ತೇನೆ.

ಬಟವಾಡೆ ದಿನ. ನನ್ನ ಕವರಿನಲ್ಲಿ ಸಾವಿರದ ಎಂಟುನೂರು ಇತ್ತು. ಪ್ರತಿ ಶನಿವಾರ ಅದು ನಮ್ಮ ಮನೆಯವರ ಕೈಗೆ ಹೋಗುತ್ತಿತ್ತು. ಅವತ್ತು ಮಗನಿಗೆ ಜ್ವರ ಇತ್ತು, ಐನೂರು ತೆಗೆದು ಸೆರಗಿಗೆ ಗಂಟು ಹಾಕಿದ್ದೆ. ಅವರಿಗೆ ಗೊತ್ತಾಯಿತು. ಎಡಗೈ ಮಣಿಕಟ್ಟು ಹಿಡಿದು ತಿರುವಿದರು. ಕಿವಿ ಹಿಂದೆ ಬಾಗಿಲ ಚಿಲಕ ಬಡಿಯಿತು. ಉಳಿದದ್ದು ಬರೆಯೋದು ಬೇಡ. ದುಡ್ಡು ತಗೊಂಡು ಹೋದರು. ಮಗಳು ತಮ್ಮನನ್ನು ಎತ್ತಿಕೊಂಡು ಮಾಳಿಗೆ ಮೆಟ್ಟಿಲ ಮೇಲೆ ಕೂತಿದ್ದಳು. ಅದು ಅವರಿಬ್ಬರ ಜಾಗ. ಗಲಾಟೆ ಶುರುವಾದ ಕೂಡಲೇ ಅಲ್ಲಿಗೆ ಹೋಗಬೇಕು ಅಂತ ಅವಳೇ ತಮ್ಮನಿಗೆ ಕಲಿಸಿದ್ದಳು. ನಾನು ಕಲಿಸಿರಲಿಲ್ಲ.

ರಾತ್ರಿ ಮಕ್ಕಳು ಮಲಗಿದ ಮೇಲೆ ಮಗಳ ಬ್ಯಾಗ್ ಸರಿಪಡಿಸೋಕೆ ಅಂತ ನೋಟ್‌ಬುಕ್ ತೆಗೆದೆ. ಕನ್ನಡ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಪೆನ್ಸಿಲಿನಲ್ಲಿ 1098 ಅಂತ ಬರೆದಿತ್ತು. ಒಂದು ಸಲ ಬರೆದು, ಅಳಿಸಿ, ಮತ್ತೆ ಬರೆದ ಹಾಗಿತ್ತು. ಬೆಳಿಗ್ಗೆ ಕೇಳಿದೆ, ಏನಿದು ಅಂತ. "ಮಕ್ಕಳ ಸಹಾಯವಾಣಿ ಅಂತಮ್ಮ. ಮನ್ಯಾಗ ತೊಂದ್ರೆ ಇದ್ರ ಫೋನ್ ಮಾಡ್ರಿ ಅಂತ ಮಿಸ್ ಹೇಳ್ಯಾರ. ನನ್ ಹತ್ರ ಫೋನ್ ಇರ್ಲಿಲ್ಲ" ಅಂದಳು. ಅಳಲಿಲ್ಲ. ಜಡೆ ಹಾಕು ಅಂತ ಬೆನ್ನು ತಿರುಗಿಸಿ ಕೂತಳು. ಎಡಗೈ ಊದಿತ್ತು, ಒಂದೇ ಕೈಯಲ್ಲಿ ಜಡೆ ಹಾಕೋಕೆ ಆಗಲಿಲ್ಲ. ರಬ್ಬರ್ ಬ್ಯಾಂಡ್ ಹಾಕಿ ಕುದುರೆ ಬಾಲ ಕಟ್ಟಿದೆ.

ಅವತ್ತು ತೀರ್ಮಾನ ಮಾಡಿದೆ. ಹುಡುಗಿ ಫೋನ್ ಸಿಗದೆ ಸುಮ್ನಿದ್ದಳು. ನನ್ನ ಕೈಯಲ್ಲಿ ಫೋನ್ ಇತ್ತು, ಆದರೂ ನಾನು ಸುಮ್ನಿದ್ದೆ.

ಮೊದಲು ಹೋಗಿದ್ದು ಒಂದು ಪೊಲೀಸ್ ಠಾಣೆಗೆ. ಯಾವುದು ಅಂತ ಬರೆಯಲ್ಲ. ಅಲ್ಲಿದ್ದವರು ಜೋರು ಮಾಡಲಿಲ್ಲ, ಕೂರಿಸಿ ನೀರು ಕೊಟ್ಟರು. ಆದರೆ ಕೇಳಿದ ಮೊದಲ ಪ್ರಶ್ನೆ, ಮದುವೆ ಎಲ್ಲಾಗಿದ್ದು? ಲಿಂಗಸುಗೂರು ಕಡೆ ಅಂದೆ. ಗಂಡನ ಮನೆ? ಅದೂ ಅಲ್ಲೇ. ಹಾಗಾದರೆ ಅಲ್ಲಿಗೆ ಹೋಗಿ ಕೊಡಮ್ಮ, ಇಲ್ಲ ತವರಲ್ಲಿ ಹಿರಿಯರನ್ನ ಕೂರಿಸಿ ಮಾತಾಡು ಅಂದರು. ನಾನು ನಂಬಿ ಎದ್ದು ಬಂದೆ. ನಂಬದೆ ಏನು ಮಾಡಲಿ? ಬಾಡಿಗೆ ಕರಾರು ಗಂಡನ ಹೆಸರಲ್ಲಿ, ಆಧಾರ್‌ನಲ್ಲಿ ಊರಿನ ವಿಳಾಸ. ಬಳ್ಳಾರಿಯಲ್ಲಿ ನಾನು ಇದ್ದೇನೆ ಅನ್ನೋದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಎರಡು ಮಕ್ಕಳನ್ನು ಕಟ್ಟಿಕೊಂಡು, ಊದಿದ ಕೈ ಇಟ್ಟುಕೊಂಡು, ಅತ್ತೆ ಮನೆಯವರ ಊರಿಗೇ ಹೋಗಿ ಅವರ ಮಗನ ಮೇಲೆ ದೂರು ಕೊಡುವುದು ಹೇಗೆ ಅಂತ ಯೋಚಿಸುತ್ತಾ ನಡೆದುಕೊಂಡೇ ಬಂದೆ.

ಸೋಮವಾರ ಬೆಳಿಗ್ಗೆ ಮಗನನ್ನು ಬಿಡೋಕೆ ಹೋದಾಗ ಟೀಚರು ನನ್ನ ಕೈ ನೋಡಿದರು. ಏನಾಯ್ತು ಅಂತ ಕೇಳಲಿಲ್ಲ. ಮಕ್ಕಳೆಲ್ಲ ಊಟಕ್ಕೆ ಕೂತ ಮೇಲೆ ಸ್ಟೋರ್ ರೂಮಿಗೆ ಕರೆದು ಬಾಗಿಲು ಮುಂದೆ ಮಾಡಿ, "ಎಷ್ಟು ದಿನದಿಂದ?" ಅಂದರು. ಹದಿಮೂರು ವರ್ಷ ಅಂದೆ. ಠಾಣೆಯವರು ಹೇಳಿದ್ದನ್ನೂ ಹೇಳಿದೆ. ಅವರು ಫೋನ್ ತೆಗೆದು 181ಕ್ಕೆ ಹಚ್ಚಿ ನನ್ನ ಕೈಗೆ ಕೊಟ್ಟರು.

181 ಮಹಿಳಾ ಸಹಾಯವಾಣಿ. ಆ ಕಡೆಯ ಹೆಣ್ಣುಮಗಳು ಮೊದಲು ಕೇಳಿದ್ದು "ಈಗ ನೀವಿರೋ ಜಾಗ ಸುರಕ್ಷಿತವಾಗಿದೆಯಾ? ಮಾತಾಡಬಹುದಾ?" ಅಂತ. ಎರಡನೆಯದು, ಮಕ್ಕಳು ಎಲ್ಲಿದ್ದಾರೆ. ಮೂರನೆಯದು, ಪೆಟ್ಟಾಗಿದೆಯಾ. ಮದುವೆ ಎಲ್ಲಾಯಿತು ಅಂತ ಅವರು ಕೇಳಲೇ ಇಲ್ಲ. ನಾನೇ ಹೇಳಿದೆ, ನಮ್ಮದು ಈ ಊರಲ್ಲ ಅಂತ. ಅದಕ್ಕೆ ಅವರು, ನೀವು ಎಲ್ಲಿ ವಾಸ ಇದ್ದೀರೋ ಅಲ್ಲೇ ದೂರು ಕೊಡಬಹುದು, ತಾತ್ಕಾಲಿಕವಾಗಿ ಇದ್ದರೂ ಸರಿ ಅಂದರು.

ಇದನ್ನು ಮತ್ತೊಮ್ಮೆ ಬರೆಯುತ್ತೇನೆ, ಯಾಕೆಂದರೆ ನನ್ನ ಹಾಗೆ ಊರು ಬಿಟ್ಟು ಬಂದವರಿಗೆ ಇದಕ್ಕಿಂತ ಮುಖ್ಯದ ಮಾತು ಬೇರೆ ಇಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರ 27ನೇ ಕಲಂ ಪ್ರಕಾರ ನೀವು ಕಾಯಂ ಇರುವ ಊರು, ತಾತ್ಕಾಲಿಕವಾಗಿ ಇರುವ ಊರು, ಕೆಲಸ ಮಾಡುವ ಊರು, ಗಂಡ ಇರುವ ಊರು, ಹೊಡೆತ ಬಡಿತ ನಡೆದ ಊರು, ಇದರಲ್ಲಿ ಯಾವುದರ ಮ್ಯಾಜಿಸ್ಟ್ರೇಟ್ ಕೋರ್ಟಿಗಾದರೂ ಹೋಗಬಹುದು. ಬಾಡಿಗೆ ರೂಮಾದರೂ ಸರಿ, ಅಕ್ಕನ ಮನೆಯಾದರೂ ಸರಿ. ಆಧಾರ್‌ನಲ್ಲಿ ಬೇರೆ ಊರಿನ ವಿಳಾಸ ಇದೆ ಅಂತ ವಾಪಸ್ ಕಳಿಸಿದರೆ ಎದ್ದು ಬರಬೇಡಿ.

181ರವರು ನನ್ನನ್ನು ಸಖಿ ಕೇಂದ್ರಕ್ಕೆ ಕಳಿಸಿದರು. ಒನ್ ಸ್ಟಾಪ್ ಸೆಂಟರ್ ಅಂತಾರಲ್ಲ, ಅದೇ. 2015ರಿಂದ ಈ ಯೋಜನೆ ಇದೆಯಂತೆ. ಡಾಕ್ಟರು, ಪೊಲೀಸು, ವಕೀಲರು, ಆಪ್ತ ಸಮಾಲೋಚನೆ, ಐದು ದಿನದವರೆಗೆ ಉಳಿಯೋಕೆ ಜಾಗ, ಎಲ್ಲ ಒಂದೇ ಕಡೆಯಿಂದ ಸಿಗಲಿ ಅಂತ ಮಾಡಿದ್ದು. ಟೀಚರು ತಮ್ಮ ಸಹಾಯಕಿಗೆ ಅಂಗನವಾಡಿ ಒಪ್ಪಿಸಿ ನನ್ನ ಜೊತೆ ಆಟೋ ಹತ್ತಿದರು. ಮಗಳನ್ನು ಶಾಲೆಯಿಂದ ಕರೆದುಕೊಂಡೆವು.

ನಾನು ಅಂದುಕೊಂಡ ಹಾಗೆ ಕೋರ್ಟಿನ ಥರ ಇರಲಿಲ್ಲ. ಒಂದು ಮೇಜು, ನಾಲ್ಕು ಕುರ್ಚಿ, ಒಳಗಡೆ ಮಂಚ ಹಾಕಿದ ರೂಮು. ಸಮಾಲೋಚಕಿ ನನ್ನ ಅಕ್ಕನ ವಯಸ್ಸಿನವರು. ಮೊದಲು ಆಸ್ಪತ್ರೆಗೆ ಕಳಿಸಿದರು. ಡಾಕ್ಟರು ಕೈ, ಕಿವಿ ಹಿಂದಿನ ಗಾಯ ನೋಡಿ, ಬೆನ್ನಿನ ಹಳೆ ಕಲೆ ನೋಡಿ, ಎಲ್ಲ ಬರೆದುಕೊಂಡರು. ಪೊಲೀಸರಿಗೆ, ಕೋರ್ಟಿಗೆ ಬೇಕಾಗುವ ಈ ಗಾಯದ ದಾಖಲೆಗೆ ಎಂ.ಎಲ್.ಸಿ. ಅಂತಾರೆ. ನನಗೆ ಭಯ ಇತ್ತು, ಇದನ್ನು ಬರೆಸಿದರೆ ಅವರನ್ನು ಇವತ್ತೇ ಹಿಡಿದುಕೊಂಡು ಹೋಗುತ್ತಾರಾ ಅಂತ. ಹಾಗೇನೂ ಆಗಲಿಲ್ಲ. ಆದರೆ ಏಳು ತಿಂಗಳ ಆಮೇಲೆ ಕೋರ್ಟಿನಲ್ಲಿ ಎದುರಿನ ವಕೀಲರು ಹೊಡೆದೇ ಇಲ್ಲ ಅಂದಾಗ ಆ ಒಂದು ಹಾಳೆ ನನ್ನ ಪರ ಮಾತಾಡಿತು. ಹೊಡೆತ ತಿಂದ ದಿನವೇ ಹೋಗಬೇಕು, ಊತ ಇಳಿದ ಮೇಲೆ ಹೋದರೆ ಬರೆಯೋಕೆ ಏನೂ ಉಳಿದಿರಲ್ಲ. ನಾನೇ ಎರಡು ದಿನ ತಡ ಮಾಡಿದ್ದೆ.

ಆಮೇಲೆ ಆ ಫಾರಂ. ಕೌಟುಂಬಿಕ ಘಟನಾ ವರದಿ, ಡಿಐಆರ್ ಅಂತ ಎಲ್ಲರೂ ಕರೆಯುತ್ತಾರೆ. ನಮ್ಮ ರಾಜ್ಯದಲ್ಲಿ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಅದೇ ಆಫೀಸು. ಇದನ್ನು ಭರ್ತಿ ಮಾಡಿ ಕೋರ್ಟಿಗೆ ಕಳಿಸುವುದು ಅವರ ಕೆಲಸ. ಒಂದು ಪ್ರತಿ ಪೊಲೀಸರಿಗೂ ಹೋಗುತ್ತೆ. ಮಗನ ಅಂಗನವಾಡಿ ದಾರಿಯಿಂದಲೇ ನಾನು ಅಲ್ಲಿಗೆ ಮುಟ್ಟಿದ್ದು ಸುಮ್ನೆ ಅಲ್ಲ ಅಂತ ಆಮೇಲೆ ಅರ್ಥ ಆಯಿತು.

ಆ ಫಾರಂ ತುಂಬೋಕೆ ಎರಡೂವರೆ ಗಂಟೆ ಬೇಕಾಯಿತು. ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿ, ಯಾರು, ಏನು. ಮೊದಲು ದೈಹಿಕ ಹಿಂಸೆ. ಅದನ್ನು ಹೇಳಿದೆ. ಆಮೇಲೆ ಲೈಂಗಿಕ ಹಿಂಸೆ ಅಂತ ಒಂದು ಭಾಗ. ಸಖಿ ಕೇಂದ್ರದ ಮೇಡಂ ಓದಿ ಹೇಳಿದರು, ನಾನು ತಲೆ ಬಗ್ಗಿಸಿ ಕೂತೆ, ಅವರು ಕಾದರು, ಕೊನೆಗೆ ಹೂಂ ಅಂದೆ. ಆಮೇಲೆ ಮಾತಿನ ಹಿಂಸೆ. ನಿಮ್ಮ ನಡತೆ ಬಗ್ಗೆ ಕೆಟ್ಟದಾಗಿ ಮಾತಾಡಿದ್ದಾರಾ, ಕೆಲಸಕ್ಕೆ ಹೋಗಬೇಡ ಅಂತ ತಡೆದಿದ್ದಾರಾ. ಆಮೇಲೆ ಆರ್ಥಿಕ ಹಿಂಸೆ. ಮನೆ ಖರ್ಚಿಗೆ ದುಡ್ಡು ಕೊಡೋದಿಲ್ಲವಾ? ನಿಮ್ಮ ಸಂಬಳ ನಿಮಗೆ ಬಳಸೋಕೆ ಬಿಡೋದಿಲ್ಲವಾ? ಅದನ್ನು ಕೇಳಿ ನಾನು ಮೇಡಂ ಮುಖ ನೋಡಿದೆ. "ಇದೂ ಹಿಂಸೆನೇನ್ರೀ?" ಅಂತ ಕೇಳಿದೆ. ಹೌದಮ್ಮ, ಕಾಯ್ದೆಯಲ್ಲೇ ಇದೆ ಅಂದರು. ನನ್ನ ತಾಯಿಯ ಸಂಬಳವನ್ನೂ ಅಪ್ಪನೇ ತಗೊಳ್ಳುತ್ತಿದ್ದ. ನಮ್ಮ ಓಣಿಯ ಅರ್ಧ ಹೆಂಗಸರ ಬಟವಾಡೆ ಅವರ ಕೈಗೆ ಸಿಗೋದೇ ಇಲ್ಲ. ಹೊಡೆಯೋದು ತಪ್ಪು ಅಂತ ನನಗೆ ಗೊತ್ತಿತ್ತು, ಶನಿವಾರದ ಕವರ್ ಕಿತ್ತುಕೊಳ್ಳೋದು ಕೂಡ ಅದೇ ಕಾಯ್ದೆಯಲ್ಲಿ ಬರೆದಿದೆ ಅಂತ ಯಾರೂ ಹೇಳಿರಲಿಲ್ಲ. ಫಾರಂನ ಒಂದು ಪ್ರತಿ ನನಗೂ ಕೊಟ್ಟರು, ದುಡ್ಡೇನೂ ಕೇಳಲಿಲ್ಲ.

ನಾಲ್ಕು ರಾತ್ರಿ ಅಲ್ಲೇ ಇದ್ದೆವು. ಮಗಳ ಜೊತೆ ಮೇಡಂ ಬೇರೆಯಾಗಿ ಮಾತಾಡಿದರು, ನನ್ನನ್ನು ಹೊರಗೆ ಕೂರಿಸಿ. ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆದರೆ ಅವತ್ತು ರಾತ್ರಿ ಅವಳು ತಟ್ಟೆಯಲ್ಲಿದ್ದ ಅನ್ನ ಪೂರ್ತಿ ಉಂಡಳು. ಎಷ್ಟೋ ದಿನದ ಮೇಲೆ.

ಅಲ್ಲಿ ನನಗೆ ಹೇಳಿಕೊಟ್ಟ ಕೆಲವು ಸಣ್ಣ ಸಣ್ಣ ವಿಷಯ ಬರೆಯಲೇಬೇಕು. ಕಾಯ್ದೆಗಿಂತ ಇವು ದಿನಾ ಉಪಯೋಗಕ್ಕೆ ಬಂದವು. ಜಗಳ ಶುರುವಾದರೆ ಅಡುಗೆ ಕಟ್ಟೆ ಹತ್ತಿರ ನಿಲ್ಲಬಾರದು, ಅಲ್ಲಿ ಈಳಿಗೆ ಇರುತ್ತೆ, ಒಲೆ ಇರುತ್ತೆ. ಬಚ್ಚಲಿಗೂ ಓಡಬಾರದು, ಹೊರಗೆ ಹೋಗೋಕೆ ದಾರಿ ಇರಲ್ಲ. ಬಾಗಿಲ ಕಡೆ ಸರಿಯಬೇಕು. ಮಕ್ಕಳ ಜೊತೆ ಒಂದು ಗುರುತಿನ ಮಾತು ಇಟ್ಟುಕೊಳ್ಳಬೇಕು, ಅದನ್ನು ಅಂದ ಕೂಡಲೇ ಮಗಳು ತಮ್ಮನನ್ನು ಕರೆದುಕೊಂಡು ಪಕ್ಕದ ಮನೆಗೆ ಹೋಗಬೇಕು, ಮೆಟ್ಟಿಲ ಮೇಲೆ ಕೂರೋದಲ್ಲ. ನಮ್ಮ ಮಾತು "ಮೊಸರು ತಾ" ಅಂತ. ತುರ್ತಿಗೆ ಪೊಲೀಸರನ್ನು ಕರೆಯುವ 112, ಜೊತೆಗೆ 181, 1098 ಈ ಮೂರು ನಂಬರ್ ಫೋನಿನಲ್ಲಿ ಇದ್ದರೆ ಸಾಲದು, ಬಾಯಿಪಾಠ ಇರಬೇಕು, ಯಾಕೆಂದರೆ ಫೋನನ್ನೇ ಮೊದಲು ಕಿತ್ತುಕೊಳ್ಳುತ್ತಾರೆ. ಇನ್ನೊಂದು, ಚೀಲ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪತ್ರ, ಎಲ್ಲದರ ಜೆರಾಕ್ಸ್, ಸ್ವಲ್ಪ ದುಡ್ಡು, ಮಕ್ಕಳದು ಒಂದೊಂದು ಜೊತೆ ಬಟ್ಟೆ, ಇವಿಷ್ಟನ್ನು ಒಂದು ಚೀಲದಲ್ಲಿ ಹಾಕಿ ನಂಬಿಕೆ ಇರೋ ಕಡೆ ಇಡಬೇಕು, ನಮ್ಮ ಮನೆಯಲ್ಲಿ ಮಾತ್ರ ಬೇಡ. ನಾನು ಯೂನಿಟ್‌ನಲ್ಲಿ ಉಳಿದ ಜೀನ್ಸ್ ತುಂಡುಗಳನ್ನು ಕೂಡಿಸಿ ಒಂದು ಚೀಲ ಹೊಲಿದೆ. ಡಬಲ್ ಹೊಲಿಗೆ, ಒಳಗೆ ಎರಡು ಜೇಬು. ಅದು ಇವತ್ತಿಗೂ ಸಿರಿಗುಪ್ಪದ ಅಕ್ಕನ ಮನೆ ಅಟ್ಟದ ಮೇಲಿದೆ. ಟಿವಿ ಜೋರು ಮಾಡುತ್ತಿದ್ದರಲ್ಲ, ಅವರೇ. ನಾನು ಹೋಗಿ ಎಲ್ಲ ಹೇಳಿದ ದಿನ ಅವರು ನನ್ನ ಕೈ ಹಿಡಿದುಕೊಂಡು "ನಂಗ ಅಂಜಿಕಿ ಇತ್ತವ್ವಾ, ನಮ್ಮನಿಗೂ ಬರ್ತಾನೇನೋ ಅಂತ" ಅಂದರು.

ಕೋರ್ಟಿನ ಕೆಲಸ ಬೇರೆಯದೇ ದಾರಿ. ವಕೀಲರಿಗೆ ಕೊಡೋಕೆ ನನ್ನ ಹತ್ತಿರ ಏನಿತ್ತು? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಕೊಟ್ಟರು. ಹೆಣ್ಣುಮಕ್ಕಳಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಇದು ಸಿಗುತ್ತೆ, ಆದಾಯ ಪ್ರಮಾಣ ಪತ್ರಕ್ಕಾಗಿ ಓಡಾಡುವ ಅಗತ್ಯ ಇಲ್ಲ. ಅವರ ನಂಬರ್ 15100. ಡಿಸೆಂಬರ್ ಎರಡನೇ ವಾರದಲ್ಲಿ ಅದೇ ಕೌಟುಂಬಿಕ ಹಿಂಸೆ ಕಾಯ್ದೆಯ 12ನೇ ಕಲಂ ಅಡಿ ಅರ್ಜಿ ಹಾಕಿದೆವು.

ಮದುವೆ ಫೋಟೋ, ಲಗ್ನಪತ್ರಿಕೆ ಬೇಕು ಅಂದಿದ್ದರಿಂದ ತವರಿಗೆ ಹೋಗಿ ಬಂದೆ. ಹೊಸಪೇಟೆಗೆ ಒಂದು ಬಸ್ಸು, ಅಲ್ಲಿಂದ ಕುಷ್ಟಗಿಗೆ ಇನ್ನೊಂದು. ಶಕ್ತಿ ಯೋಜನೆ ಬಂದು ಆಗ ಆರು ತಿಂಗಳಾಗಿತ್ತು, ಹೋಗಿ ಬರೋಕೆ ನನ್ನ ಕೈಯಿಂದ ಒಂದು ರೂಪಾಯಿ ಖರ್ಚಾಗಲಿಲ್ಲ. ಟಿಕೆಟ್ ದುಡ್ಡು ಬೇಕಿದ್ದಿದ್ದರೆ ಯಾರನ್ನು ಕೇಳುತ್ತಿದ್ದೆ ಅಂತ ಈಗಲೂ ಯೋಚನೆ ಬರುತ್ತೆ. ಅವ್ವ ಮೊದಲು ಹೆದರಿದಳು. "ಗಂಡನ್ನ ಜೇಲಿಗೆ ಹಾಕ್ತಿಯೇನ ತಂಗಿ?" ಅಂದಳು. ಎಲ್ಲರೂ ಹಾಗೇ ಅಂದುಕೊಂಡಿದ್ದರು. ಅವ್ವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಈ ಅರ್ಜಿ ಹಾಕಿದ ಕೂಡಲೇ ಯಾರನ್ನೂ ಜೈಲಿಗೆ ಹಾಕಲ್ಲ. ಇದು ಡೈವೋರ್ಸ್ ಕೂಡ ಅಲ್ಲ. ಹೊಡೆಯಬೇಡ, ಹತ್ತಿರ ಬರಬೇಡ, ಖರ್ಚಿಗೆ ಕೊಡು ಅಂತ ಕೋರ್ಟು ಆದೇಶ ಮಾಡುತ್ತೆ. ಆ ರಕ್ಷಣಾ ಆದೇಶವನ್ನು ಮುರಿದರೆ ಆಗ ಅದು ಅಪರಾಧ, ಒಂದು ವರ್ಷದವರೆಗೆ ಜೈಲು, ಇಪ್ಪತ್ತು ಸಾವಿರದವರೆಗೆ ದಂಡ, ಇಲ್ಲ ಎರಡೂ. ಮುರಿಯೋದು ಬಿಡೋದು ಅವರ ಕೈಯಲ್ಲೇ ಇರುತ್ತೆ.

ಕಾಯ್ದೆಯಲ್ಲಿ ಬರೆದಿರುವ ದಿನಕ್ಕೂ ನಡೆದ ದಿನಕ್ಕೂ ಹೊಂದಾಣಿಕೆ ಆಗಲಿಲ್ಲ, ಅದನ್ನು ಹೇಳದಿದ್ದರೆ ಸುಳ್ಳಾಗುತ್ತೆ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಅರ್ಜಿ ಅರವತ್ತು ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು ಅಂತ ಇದೆ. ನಮ್ಮವರು ನೋಟಿಸ್ ತಗೊಳ್ಳದೆ ಊರಿಗೆ ಹೋಗಿ ಕೂತರು. ಒಂದು ಸಲ ಎದುರಿನ ವಕೀಲರು ಬರಲಿಲ್ಲ, ಒಂದು ಸಲ ರಜೆ. ಪ್ರತಿ ದಿನಾಂಕಕ್ಕೂ ನನ್ನ ಒಂದು ದಿನದ ಪೀಸು ಹೋಗುತ್ತಿತ್ತು. ಕಾರಿಡಾರಿನಲ್ಲಿ ನಿಂತು ನಿಂತು ಕಾಲು ಊದುತ್ತಿತ್ತು. ಎರಡು ಸಲ ರಾಜಿ ಮಾಡಿಕೊಳ್ಳಿ ಅಂತ ಬೇರೆ ಬೇರೆಯವರು ಹೇಳಿದರು. ಎರಡನೇ ಸಲ ನಾನು ಅತ್ತುಬಿಟ್ಟೆ, ಸಾಕು ಬಿಟ್ಟುಬಿಡೋಣ ಅನ್ನಿಸಿತು. ಆಗ ನಮ್ಮ ವಕೀಲರು 23ನೇ ಕಲಂ ಅಡಿ ಮಧ್ಯಂತರ ಆದೇಶ ಕೇಳಿದ್ದರಿಂದ ಉಳಿದುಕೊಂಡೆ. ಕೇಸು ಮುಗಿಯೋವರೆಗೆ ಕಾಯಬೇಕಾಗಿಲ್ಲ, ಅರ್ಜಿ ನೋಡಿ ತುರ್ತು ಅನ್ನಿಸಿದರೆ ಮೊದಲೇ ರಕ್ಷಣೆ ಕೊಡಬಹುದು. 2024ರ ಜನವರಿ ಕೊನೆಗೆ ಅದು ಸಿಕ್ಕಿತು. ಪೂರ್ತಿ ಆದೇಶ ಬಂದಿದ್ದು ಸೆಪ್ಟೆಂಬರಿನಲ್ಲಿ.

ಆದೇಶದಲ್ಲಿ ಮೂರು ಮಾತು ನನಗೆ ಬಾಯಿಪಾಠ ಆಗಿವೆ. ನಾನು ಕೆಲಸ ಮಾಡುವ ಜಾಗಕ್ಕೆ ಅವರು ಬರಬಾರದು. ಮಗಳ ಶಾಲೆಗೆ ಬರಬಾರದು. ತಿಂಗಳಿಗೆ ನಾಲ್ಕು ಸಾವಿರ ಮಕ್ಕಳ ಖರ್ಚಿಗೆ ಕೊಡಬೇಕು. ತಿಂಗಳಿಗೊಂದು ಭಾನುವಾರ ಮಕ್ಕಳನ್ನು ನೋಡಬಹುದು, ಅದನ್ನು ನಾನೇ ಒಪ್ಪಿದೆ, ಮಗ ಅಪ್ಪನನ್ನು ಕೇಳುತ್ತಿದ್ದ. ಮಗಳು ಹೋಗಲ್ಲ. ಅವಳಿಗೆ ಒತ್ತಾಯ ಮಾಡಿಲ್ಲ.

ಆದೇಶದ ಪ್ರತಿಯನ್ನು ಕೋರ್ಟು ಉಚಿತವಾಗಿ ಕೊಡುತ್ತೆ. ನಾನು ಅದನ್ನು ಜೆರಾಕ್ಸ್ ಮಾಡಿಸಿ ಶಾಲೆಯ ಹೆಡ್‌ಮಿಸ್ಸಿಗೆ ಒಂದು, ಯೂನಿಟ್ ಓನರ್‌ಗೆ ಒಂದು, ಸಿರಿಗುಪ್ಪದ ಅಕ್ಕನಿಗೆ ಒಂದು ಕೊಟ್ಟೆ. ಮಾರ್ಚಿನಲ್ಲಿ ಒಂದು ಸಂಜೆ ನಮ್ಮ ಮನೆಯವರು ಕುಡಿದು ಯೂನಿಟ್ ಗೇಟಿಗೆ ಬಂದರು. ಓನರ್ ಒಳಗಿನಿಂದ ಚಿಲಕ ಹಾಕಿದರು, ನಾನು 112ಕ್ಕೆ ಫೋನ್ ಮಾಡಿದೆ. ಈ ಸಲ ಬಂದ ಪೊಲೀಸರು ಆದೇಶ ಓದಿ, ಅವರನ್ನು ಠಾಣೆಗೆ ಕರೆದುಕೊಂಡು ಹೋಗಿ ಬರೆಸಿಕೊಂಡರು. ಆಮೇಲೆ ಬಂದಿಲ್ಲ. ದುಡ್ಡು ಒಂದು ತಿಂಗಳು ಬಂದರೆ ಎರಡು ತಿಂಗಳು ಬರಲ್ಲ, ಅದಕ್ಕೆ ಮತ್ತೆ ಅರ್ಜಿ ಹಾಕಿದ್ದೇವೆ.

ಗೃಹಲಕ್ಷ್ಮಿ ದುಡ್ಡಿನ ಬಗ್ಗೆ ಕೆಲವರು ಕೇಳುತ್ತಾರೆ. ನಮ್ಮ ಹಳೆ ಕಾರ್ಡಿನಲ್ಲಿ ಯಜಮಾನಿ ಅಂತ ಅತ್ತೆ ಹೆಸರಿದೆ, ಹಾಗಾಗಿ ಎರಡು ಸಾವಿರ ಅವರ ಖಾತೆಗೇ ಹೋಗುತ್ತೆ. ನನ್ನದೇ ಕಾರ್ಡಿಗೆ ಪ್ರಯತ್ನ ನಡೀತಿದೆ.

ಈಗ ಅಂಗನವಾಡಿಯಲ್ಲಿ ತಿಂಗಳಿಗೊಂದು ಸಲ ತಾಯಂದಿರು ಸೇರುತ್ತೇವೆ. ಮೊದಲು ಮಗುವಿನ ತೂಕ, ಇಂಜೆಕ್ಷನ್ ಇಷ್ಟೇ ಮಾತು ಇರುತ್ತಿತ್ತು. ಈಗ ಟೀಚರು ಕೊನೆಗೆ ಅರ್ಧ ಗಂಟೆ ಬಿಡುತ್ತಾರೆ. ಬಾಡಿಗೆ ಕರಾರಿನಲ್ಲಿ ಹೆಂಡತಿ ಹೆಸರೂ ಹಾಕಿಸಿ, ನಿಮ್ಮ ಹೆಸರಲ್ಲೇ ಬ್ಯಾಂಕ್ ಖಾತೆ ತೆಗೀರಿ, ಓನರ್‌ಗೆ ಹೇಳಿ ಬಟವಾಡೆ ಅದಕ್ಕೇ ಹಾಕಿಸಿ ಅಂತ ನಾನು ಹೇಳುತ್ತೇನೆ. ನನ್ನ ಮಗಳ ವಯಸ್ಸಿನ ಐದಾರು ಹುಡುಗಿಯರು ಶನಿವಾರ ಮಧ್ಯಾಹ್ನ ಅಲ್ಲೇ ಸೇರುತ್ತಾರೆ, ಹೋಂವರ್ಕ್ ಮಾಡುತ್ತಾರೆ, ಮುಟ್ಟಿನ ಬಗ್ಗೆ ಆಶಾ ಕಾರ್ಯಕರ್ತೆ ಬಂದು ಮಾತಾಡಿದ್ದರು. ಅದರಲ್ಲಿ ಒಬ್ಬಳಿಗೆ ಒಂಬತ್ತನೇ ಕ್ಲಾಸಿಗೇ ಮದುವೆ ಮಾಡೋ ಮಾತು ನಡೆದಿತ್ತು. ಹುಡುಗಿಯರೇ ಟೀಚರಿಗೆ ಹೇಳಿದರು, ಟೀಚರು 1098ಕ್ಕೆ ಹೇಳಿದರು, ಮನೆಗೆ ಬಂದು ಅಪ್ಪ ಅಮ್ಮನ ಹತ್ತಿರ ಮುಚ್ಚಳಿಕೆ ಬರೆಸಿಕೊಂಡರು. ಅವಳು ಈಗ ಎಸ್ಸೆಸ್ಸೆಲ್ಸಿ.

ಹೋದ ವಾರ ಹಿಂದಿನ ಓಣಿಗೆ ದೇವದುರ್ಗ ಕಡೆಯ ಒಂದು ಕುಟುಂಬ ಬಂದಿಳಿಯಿತು. ಟಾಟಾ ಏಸ್ ತುಂಬ ಸಾಮಾನು, ಮೂರು ಮಕ್ಕಳು. ನಳದ ನೀರು ಯಾವ ದಿನ ಬರುತ್ತೆ ಅಂತ ಕೇಳೋಕೆ ಆ ತಂಗಿ ಬಂದಳು. ಹೇಳಿದೆ, ಒಂದು ಕೊಡ ತುಂಬಿಸಿಯೂ ಕೊಟ್ಟೆ. ಸಣ್ಣ ಮಗು ಅವಳ ಸೊಂಟದ ಮೇಲಿತ್ತು. ಅಂಗನವಾಡಿ ಇಲ್ಲೇ ಐತಿ, ನಾಳೆ ಹತ್ತು ಗಂಟೆಗೆ ಬಾ, ನಾನೂ ಬರ್ತೀನಿ ಅಂದೆ. "ಅಕ್ಕಾ, ಏನೇನ್ ಕಾಗದ ತರ್ಬೇಕು?" ಅಂದಳು. ಅದಕ್ಕಿಂತ ಮೊದಲು ನಾನು ಅವಳ ಹೆಸರು ಕೇಳಿದೆ.